ಸೊಲ್ಲೆತ್ತಲು ನಾಲ್ಕು ಜನ



ಕಳೆದ ಮಾಗಿಯಲ್ಲಿ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಗುಂಡ್ಲುಪೇಟೆಗೆ ಬಂದಿದ್ದ. ವಾರದಲ್ಲಿ ಐದು ದಿನ ಕಂಪ್ಯೂಟರ್ ಕೆಲಸ, ಮಿಕ್ಕೆರಡು ದಿನ ಗಿಟಾರು. ನಾಲ್ಕು ಜನ ಗೆಳೆಯರು ಸೇರಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದಾರೆ. ಹಾಡು ಬರೆಯುವವರು ಅವರೇ, ರಾಗ ಕೂಡಿಸುವವರು ಅವರೇ, ಹಾಡಿ ಯೂಟ್ಯೂಬಿಗೆ ಏರಿಸುವವರೂ ಅವರೇ. ಅದಕ್ಕೆ 'ಇಂಡಿ' ಸಂಗೀತ ಅಂತ ಹೆಸರಂತೆ. ಅಂದರೇನಪ್ಪಾ ಎಂದು ಕೇಳಿದೆ. "ಸಿನಿಮಾದವರ ಹಂಗಿಲ್ಲ, ಕಂಪನಿಯವರ ಹಂಗಿಲ್ಲ, ಅಷ್ಟೇ ಮಾವ" ಅಂದ. ಹಂಗಿಲ್ಲದ ಹಾಡು! ಅವನ ವಿವರಣೆ ನನಗೆ ಹಿಡಿಸಿತು. ಊಟ ಮುಗಿಸಿ ಜಗಲಿಯ ಮೇಲೆ ಕೂತಾಗ ಅವನು ಇನ್ನೊಂದು ಪ್ರಶ್ನೆ ಹಾಕಿದ: "ನಿಮ್ಮ ಕಡೆ ಇಂಥದ್ದೇನೂ ಇಲ್ವಾ? ಶನಿವಾರ ಸಂಜೆ ಆದ್ರೆ ನೀವೆಲ್ಲ ಏನ್ ಮಾಡ್ತೀರಿ?"

ಅವನ ತಪ್ಪೇನಿಲ್ಲ. ನಮ್ಮ ಚಾಮರಾಜನಗರ ಜಿಲ್ಲೆಯನ್ನು ಹೊರಗಿನವರು ಕಂಡಿರುವುದು ಕಾರಿನ ಕಿಟಕಿಯಿಂದ. ಗುಂಡ್ಲುಪೇಟೆ ಎಂದರೆ ಊಟಿಗೂ ಕೇರಳಕ್ಕೂ ದಾರಿ ಕವಲೊಡೆಯುವ ಜಾಗ. ಮಳೆಗಾಲದಲ್ಲಿ ಹೊಲದ ತುಂಬ ಚೆಂಡುಹೂವು, ಸೂರ್ಯಕಾಂತಿ. ಇಳಿದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆಮೇಲೆ ಬಂಡೀಪುರದ ಆನೆ. ಇನ್ನು ಚಾಮರಾಜನಗರ ಎಂದರೆ, ಅಲ್ಲಿಗೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಹಳೆಯ ಮೂಢನಂಬಿಕೆ. ಕುರ್ಚಿಯ ಮಾತು ಬಿಡಿ, ಚಾಪೆಯ ಮೇಲೆ ಕೂರಲು ಬಂದವರು ಈ ಜಿಲ್ಲೆಯಲ್ಲಿ ಏನನ್ನೂ ಕಳೆದುಕೊಂಡಿಲ್ಲ. ನಿದ್ದೆ ಒಂದನ್ನು ಬಿಟ್ಟು.

"ಇವತ್ತೇ ಒಂದೂರಲ್ಲಿ ತಂಬೂರಿ ಕತೆ ಅದ, ಬಾ. ಆದ್ರೆ ಬೆಳಗಾಗೋವರೆಗೂ ಏಳಂಗಿಲ್ಲ" ಎಂದೆ.

ಊರು ಮದ್ದೂರು ಚೆಕ್‌ಪೋಸ್ಟಿನ ದಾರಿಯ ಆಸುಪಾಸಿನದು. 2009ರಿಂದ ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಓಡುವಂತಿಲ್ಲ. ಗೇಟು ಬಿದ್ದ ಮೇಲೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ, ರಸ್ತೆ ತಣ್ಣಗಾಗುತ್ತದೆ. ಹಾಡು ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹರಕೆ ಹೊತ್ತಿದ್ದ ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ, ಒಂದು ಟ್ಯೂಬ್‌ಲೈಟು, ಸೆಗಣಿ ಸಾರಿಸಿದ ನೆಲದ ಮೇಲೆ ಜಮಖಾನ. ಆ ಕಡೆ ಹೆಂಗಸರು, ಈ ಕಡೆ ಗಂಡಸರು, ನಡುವೆ ಆಗಲೇ ನಿದ್ದೆಗೆ ಜಾರಿದ ಮಕ್ಕಳು. ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕಕ್ಕೆ ಫೋನ್‌ಪೇ ಸ್ಟಿಕ್ಕರ್ ಅಂಟಿಸಿದ್ದರು. ನನ್ನ ಅಳಿಯ ಅದನ್ನು ನೋಡಿ ನಕ್ಕ. "ನಮ್ಮ ಬ್ಯಾಂಡಿಗೂ ಇದೇ ಮಾವ, ಟೀಶರ್ಟ್ ಮಾರೋ ಮೇಜಿನ ಮೇಲೆ ಅಂಟಿಸ್ತೀವಿ" ಅಂದ.

ತಂಬೂರಿಯವರು ಅಂದರೆ ನೀಲಗಾರರು. ಮಂಟೇಸ್ವಾಮಿಯ ಒಕ್ಕಲು. ಗುರುವಿನಿಂದ ದೀಕ್ಷೆ ಪಡೆದು, ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕತೆಯನ್ನು ಹಾಡುತ್ತ ಬಂದವರು. ಇವರಲ್ಲಿ ದಲಿತರೇ ಹೆಚ್ಚು. ಮುಖ್ಯ ಹಾಡುಗಾರ ಒಂದು ಕೈಯಲ್ಲಿ ತಂಬೂರಿ ಮೀಟುತ್ತ, ಇನ್ನೊಂದು ಕೈಯಲ್ಲಿ ಗಗ್ಗರ ಆಡಿಸುತ್ತಾನೆ. ಗಗ್ಗರ ಎಂದರೆ ಒಳಗೆ ಗುಂಡು ತುಂಬಿದ ಲೋಹದ ಬಳೆ. ಹಿಮ್ಮೇಳದವರ ಕೈಯಲ್ಲಿ ದಮ್ಮಡಿ, ತಾಳ. ಹಾರ್ಮೋನಿಯಂ, ತಬಲ ಆಮೇಲೆ ಬಂದು ಸೇರಿಕೊಂಡವು. ಕತೆ ಮೊದಲಿನಿಂದ ಕೊನೆಯವರೆಗೆ ಒಂದೇ ರಾತ್ರಿಗೆ ಮುಗಿಯುವಂಥದ್ದಲ್ಲ. ಅದನ್ನು ಸಾಲು ಸಾಲಾಗಿ ಬಿಡಿಸಿ ಇಟ್ಟುಕೊಂಡಿದ್ದಾರೆ. ಇಲ್ಲಿ 'ಸಾಲು' ಎಂದರೆ ಒಂದು ಗೆರೆಯಲ್ಲ, ಒಂದು ಇಡೀ ಅಧ್ಯಾಯ. ಮನೆಯವರು ಯಾವ ಸಾಲು ಬೇಕೆಂದು ಕೇಳುತ್ತಾರೋ ಆ ರಾತ್ರಿ ಅದು.

ಮಂಟೇಸ್ವಾಮಿ ಕಲ್ಯಾಣಕ್ಕೆ ಹೋದ ಸಾಲನ್ನು ಕೇಳಬೇಕು ನೀವು. ಶರಣರ ಊರಿಗೆ ದೇವರು ಬರುತ್ತಾನೆ; ಬರುವುದು ಮೈಯೆಲ್ಲ ತೊನ್ನು, ಕುಷ್ಠ ಹಿಡಿದ ರೂಪದಲ್ಲಿ, ಬಂದು ಬೀಳುವುದು ತಿಪ್ಪೆಯ ಮೇಲೆ. ಗುರುತಿಸುವವರು ಯಾರು, ಮೂಗು ಮುಚ್ಚಿಕೊಳ್ಳುವವರು ಯಾರು ಎಂದು ನೋಡಲು. ಬಸವಣ್ಣನ ಊರನ್ನೇ ಪರೀಕ್ಷೆಗೆ ಒಡ್ಡುವ ಈ ಧೈರ್ಯ ಯಾವ ಆಸ್ಥಾನದ ಕವಿಗೂ ಬರಲಿಲ್ಲ. ಊರಾಚೆ ಕೂತು ಹಾಡಿದವನಿಗೆ ಬಂತು. ಹಂಗಿಲ್ಲದ ಹಾಡು ಎಂದರೆ ಇದೇ ಅಲ್ಲವೇ? ಎಚ್.ಎಸ್. ಶಿವಪ್ರಕಾಶ್ ಇದೇ ವಸ್ತು ಹಿಡಿದು 'ಮಂಟೇಸ್ವಾಮಿ ಕಥಾಪ್ರಸಂಗ' ನಾಟಕ ಬರೆದರು.

ಇವರ ಜೊತೆಗಾರರು ಮಲೆ ಮಾದಪ್ಪನ ದೇವರಗುಡ್ಡರು. ಅವರ ಕೈಯಲ್ಲಿ ಕಂಸಾಳೆ. ಒಂದು ಬಟ್ಟಲಿನ ಹಾಗೆ ಗುಂಡಗೆ, ಅಂಗೈಯಲ್ಲಿ ಕೂರುವಂಥದ್ದು. ಇನ್ನೊಂದು ಚಪ್ಪಟೆಯ ತಾಳ, ದಾರ ಕಟ್ಟಿ ಬೀಸುವಂಥದ್ದು. ಎರಡೂ ಕಂಚು. ಬೀಸು ಕಂಸಾಳೆಯಲ್ಲಿ ಹತ್ತು ಹನ್ನೆರಡು ಜನ ಸುತ್ತುಗಟ್ಟಿ, ಬೀಸಿದ ತಾಳ ತಲೆಯ ಮೇಲೆ ಹಾದು, ಬೆನ್ನ ಹಿಂದೆ ಸುಳಿದು, ಪಕ್ಕದವನ ಬಟ್ಟಲಿಗೆ ಬಡಿದು ಮರಳುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಕೂತು ಹಾಡುವ ಕಂಸಾಳೆಯ ರುಚಿಯೇ ಬೇರೆ. ಅಲ್ಲಿ ಕಂಚು ಬೆದರಿಸುವುದಿಲ್ಲ, ಕತೆಗೆ ತಲೆದೂಗುತ್ತದೆ. ಅವರು ಹಾಡುವ ಮಾದಪ್ಪನ ಕಾವ್ಯವನ್ನು ಪಿ.ಕೆ. ರಾಜಶೇಖರ ಅವರು ಹಾಡುಗಾರರ ಬಾಯಿಂದ ಕೇಳಿ ಬರೆದುಕೊಂಡು 1973ರಲ್ಲಿ ಪುಸ್ತಕವಾಗಿ ತಂದರು. 2001ರಲ್ಲಿ ಸಾಹಿತ್ಯ ಅಕಾಡೆಮಿ ಈ ಕಾವ್ಯವನ್ನು ಇಂಗ್ಲಿಷಿಗೆ ತಂದಿತು, ಅನುವಾದಿಸಿದವರು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್. ಓದು ಬಾರದವರು ಕಟ್ಟಿದ ಕಾವ್ಯ ಓದುವವರ ಕಪಾಟಿಗೆ ಹೀಗೆ ಬಂತು.

ತಂಬೂರಿಯವರು ಈಗ ಎರಡೂ ಕತೆ ಹಾಡುತ್ತಾರೆ. ಆ ರಾತ್ರಿ ಮನೆಯವರು ಕೇಳಿದ್ದು ಸಂಕಮ್ಮನ ಸಾಲು. ಗೊತ್ತಿಲ್ಲದವರಿಗೆ ಎರಡು ಮಾತಲ್ಲಿ ಹೇಳುತ್ತೇನೆ. ಸಂಕಮ್ಮ ಕಾಡಿನ ಸೋಲಿಗರ ಹೆಂಗಸು. ಗಂಡ ನೀಲಯ್ಯ ಜೇನು ಬೇಟೆಗೆ ಹೊರಡುತ್ತಾನೆ. ಹೊರಡುವ ಮುಂಚೆ, ನಾನಿಲ್ಲದಾಗ ನೀನು ನೆಟ್ಟಗಿರುತ್ತೀಯೆಂದು ಆಣೆ ಮಾಡು ಎನ್ನುತ್ತಾನೆ. ಅವಳು ಮಾಡುವುದಿಲ್ಲ. ತಪ್ಪು ಮಾಡದವಳು ಯಾಕೆ ಆಣೆ ಮಾಡಬೇಕು? ಅವನು ಹಿಂಸೆ ಕೊಡುತ್ತಾನೆ, ಮನೆಯೊಳಗೇ ಕಟ್ಟಿಹಾಕಿ ಕಾಡಿಗೆ ಹೋಗುತ್ತಾನೆ. ಅವಳ ಕೂಗು ಕೇಳಿ ಮಾದಪ್ಪ ಬರುತ್ತಾನೆ. ಬಂಜೆ ಎನಿಸಿಕೊಂಡವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಎರಡು ಮಕ್ಕಳ ಫಲ ಕೊಡುತ್ತಾನೆ.

ಸಂಕಮ್ಮ ಆಣೆಗೆ ಒಲ್ಲೆ ಅನ್ನುವ ಹೊತ್ತಿಗೆ ಗಂಟೆ ಒಂದೂವರೆ. ಹೆಂಗಸರ ಕಡೆ ಸೆರಗು ಕಣ್ಣಿಗೆ ಹೋಗಿತ್ತು. ಗಂಡಸರ ಕಡೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹಾಡುಗಾರ ತಂಬೂರಿಯ ಮೇಲೆ ಕೈಯಿಟ್ಟು ದನಿ ತಗ್ಗಿಸಿ ಬರಿಯ ಮಾತಿನಲ್ಲಿ ನೀಲಯ್ಯನ ಸಂಶಯವನ್ನು ಆಡಿ ತೋರಿಸಿದ. ಆಮೇಲೆ ಒಂದೇ ಏಟಿಗೆ ದನಿ ಏರಿಸಿ ಅವಳ ಉತ್ತರ ಹಾಡಿದ. ಸಂಶಯಕ್ಕೆ ಮಾತು, ಉತ್ತರಕ್ಕೆ ಹಾಡು. ಹೀಗೆಂದು ಯಾರೂ ಅವನಿಗೆ ಪಾಠ ಹೇಳಿದ್ದಲ್ಲ. ನನ್ನ ಅಳಿಯ ಕೈಲಿದ್ದ ಮೊಬೈಲನ್ನು ಜೇಬಿಗೆ ಹಾಕಿದ್ದು ಆಗ.

ಈಗ ಸೊಲ್ಲಿನ ವಿಷಯಕ್ಕೆ ಬರುತ್ತೇನೆ; ನಾನು ಇವತ್ತು ಹೇಳಬೇಕೆಂದು ಬಂದದ್ದು ಅದೇ. ಹಾಡುಗಾರ ಒಂದು ಮಾತು ಹಾಡಿದ ಕೂಡಲೇ ಹಿಮ್ಮೇಳದವರು ಮತ್ತೆ ಮತ್ತೆ ಎತ್ತುವ ಪಲ್ಲವಿಗೆ ಸೊಲ್ಲು ಅನ್ನುತ್ತಾರೆ. ಕೇಳುವವರಿಗೆ ಅದು ಬರೀ ಪುನರಾವರ್ತನೆ ಅನ್ನಿಸಬಹುದು. ಹಾಡುವವನಿಗೆ ಅದು ಉಸಿರು. ಅವನ ಮುಂದೆ ಪುಸ್ತಕವಿಲ್ಲ, ಚೀಟಿಯಿಲ್ಲ. ಹಿಮ್ಮೇಳ ಸೊಲ್ಲೆತ್ತಿದ ಆ ನಾಲ್ಕು ಗಳಿಗೆಯಲ್ಲಿ ಮುಂದಿನ ಮಾತು ಅವನ ನಾಲಗೆಗೆ ಬರಬೇಕು. ಸೊಲ್ಲು ಸತ್ತರೆ ಕತೆ ನಿಂತಿತು. ಒಳ್ಳೆಯ ರಾತ್ರಿಗಳಲ್ಲಿ ಸೊಲ್ಲು ಹಿಮ್ಮೇಳದವರಲ್ಲೇ ಉಳಿಯುವುದಿಲ್ಲ. ಮೆಲ್ಲಗೆ ಜಮಖಾನಕ್ಕೆ ಇಳಿದು, ಜಗಲಿ ಹತ್ತಿ, ಒಲೆಯ ಮುಂದೆ ಕಾಫಿ ಕಾಯಿಸುವವರ ಬಾಯಿಗೂ ಬರುತ್ತದೆ. ಆಗ ಹಾಡುಗಾರ ಯಾರು, ಕೇಳುಗ ಯಾರು ಎಂದು ಗೆರೆ ಎಳೆಯುವುದು ಕಷ್ಟ.

ಆ ರಾತ್ರಿ ಎರಡೂವರೆಗೆ ನನ್ನ ಅಳಿಯನ ತಲೆ ವಾಲತೊಡಗಿತು. ಹಿಂದೆ ಕೂತಿದ್ದ ಮುದುಕಿಯೊಬ್ಬಳು ಬೆನ್ನು ತಟ್ಟಿ, "ಯಾಕ ಕೂಸು, ನಿದ್ದ ಬಂತಾ? ಸೊಲ್ಲ ಹೇಳು, ನಿದ್ದ ಓಯ್ತದ" ಅಂದಳು. ಸಂಗೀತ ಶಾಸ್ತ್ರದಲ್ಲಿ ಈ ಸೂತ್ರ ಇದೆಯೋ ಇಲ್ಲವೋ, ನನ್ನ ಅನುಭವದಲ್ಲಿ ನೂರಕ್ಕೆ ನೂರು ನಿಜ.

ಹೀಗೆ ಸೊಲ್ಲೆತ್ತುವ ಜನಕ್ಕೆ ಹಾಡಿನ ಮೇಲೆ ಒಂದು ಹಕ್ಕೂ ಇರುತ್ತದೆ. ಕ್ಯಾಸೆಟ್ ಬಂದಾಗ ಅವರೇನೂ ಮುನಿಸಿಕೊಳ್ಳಲಿಲ್ಲ. ಮಳವಳ್ಳಿ ಮಹದೇವಸ್ವಾಮಿಯವರ ದನಿ ಈ ಸೀಮೆಯ ಹೋಟೆಲು, ಟೆಂಪೋ, ರೇಷ್ಮೆ ಮನೆ ಎಲ್ಲ ಕಡೆ ಕೇಳುತ್ತಿತ್ತು. 1996ರಲ್ಲಿ 'ಜನುಮದ ಜೋಡಿ' ಸಿನಿಮಾ ಬಂದು, ಎಲ್.ಎನ್. ಶಾಸ್ತ್ರಿಯವರ ದನಿಯಲ್ಲಿ 'ಕೋಲುಮಂಡೆ ಜಂಗಮ' ರಾಜ್ಯದ ತುಂಬ ಮೊಳಗಿದಾಗ, ನಮ್ಮ ಹಾಡು ಬೆಂಗಳೂರಿಗೆ ಹೋಯಿತೆಂದು ಹಿಗ್ಗಿದರು. ಆದರೆ 2020ರಲ್ಲಿ ಅದೇ ಹಾಡನ್ನು ರ‍್ಯಾಪ್ ಮಾಡಿ, ಶರಣೆ ಸಂಕಮ್ಮನನ್ನು ಬೇರೆಯೇ ರೀತಿ ಕಾಣಿಸಿದ ವಿಡಿಯೋ ಬಂದಾಗ ಜಿಲ್ಲೆ ಎದ್ದು ಕೂತಿತು. ಮಾಡಿದವರು ಕ್ಷಮೆ ಕೇಳಿದರು, ವಿಡಿಯೋ ಇಳಿಸಿದರು. ಹಳ್ಳಿಯವರಿಗೆ ಹೊಸದು ಆಗುವುದಿಲ್ಲ ಎಂದು ಕೆಲವರು ಆಡಿಕೊಂಡರು. ವಿಷಯ ಹೊಸ ತಾಳದ್ದಲ್ಲ ಸ್ವಾಮಿ. ಆಣೆ ಮಾಡಲು ಒಪ್ಪದ ಹೆಂಗಸನ್ನು ನೆನೆದು ರಾತ್ರಿ ಒಂದೂವರೆಗೆ ಕಣ್ಣೊರೆಸಿಕೊಂಡ ಜನಕ್ಕೆ, ಅವಳು ನಮ್ಮ ಮನೆಯವಳು.

ತಂಬೂರಿ, ಕಂಸಾಳೆಗೇ ನಮ್ಮ ಲೋಕ ಮುಗಿಯಲಿಲ್ಲ. ಚಾಮರಾಜನಗರಕ್ಕೆ ಅಂಟಿಕೊಂಡ ರಾಮಸಮುದ್ರದಲ್ಲಿ ಗೊರವರಿದ್ದಾರೆ. ಕರಡಿಗೂದಲ ಟೋಪಿ, ಕಂಬಳಿ ಅಂಗಿ, ಕೈಯಲ್ಲಿ ಡಮರುಗ, ಪಿಳ್ಳಂಗೋವಿ, ಮೈಲಾರಲಿಂಗನ ಒಕ್ಕಲು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ರೊಟ್ಟಿ ಹಬ್ಬಕ್ಕೆ ಸುತ್ತುಗಟ್ಟಿ 'ಗೊರುಕೊ ಗೊರುಕಾನ' ಹಾಡುತ್ತ ಕುಣಿಯುತ್ತಾರೆ. ಅಲ್ಲಂತೂ ನೋಡುವವರೇ ಇಲ್ಲ, ಎಲ್ಲರೂ ಕುಣಿಯುವವರೇ. ಚಾಮರಾಜನಗರ ಪಟ್ಟಣದ ಹವ್ಯಾಸಿ ರಂಗಭೂಮಿಯನ್ನು 'ಶಾಂತಲಾ ಕಲಾವಿದರು' ತಂಡದವರು ಬಹಳ ಕಾಲದಿಂದ ಬೆಳೆಸಿಕೊಂಡು ಬಂದಿದ್ದಾರೆ. ಹೊಸ ಬರಹಕ್ಕೂ ಕೊರತೆಯಿಲ್ಲ. ಹನೂರು ಕಡೆಯ ಪೊನ್ನಾಚಿಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡ ಸ್ವಾಮಿ ಪೊನ್ನಾಚಿಯವರ 'ಧೂಪದ ಮಕ್ಕಳು' ಕಥೆಗಳಿಗೆ 2020ರ ಸಾಹಿತ್ಯ ಅಕಾಡೆಮಿ ಯುವ ಪುರಸ್ಕಾರ ಬಂತು.

ಇನ್ನು ನಮ್ಮ ಹಳ್ಳಿಯ ಪೌರಾಣಿಕ ನಾಟಕದ ಸಂಗತಿ ಹೇಳಿದಾಗ ನನ್ನ ಅಳಿಯ ಬಾಯಿ ಬಿಟ್ಟುಕೊಂಡು ಕೇಳಿದ. ಇಲ್ಲಿ ನಟನಿಗೆ ಸಂಬಳವಿಲ್ಲ, ನಟನೇ ದುಡ್ಡು ಕಟ್ಟಬೇಕು! 'ಕುರುಕ್ಷೇತ್ರ' ಆಡುವುದೆಂದು ತೀರ್ಮಾನವಾದರೆ ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ, ಪಾತ್ರಕ್ಕೆ ಇಷ್ಟೆಂದು ನಿಗದಿಯಾಗುತ್ತದೆ. ದುರ್ಯೋಧನ, ಕೃಷ್ಣನ ಪಾತ್ರಕ್ಕೆ ಹೆಚ್ಚು. ದ್ವಾರಪಾಲಕನಿಗೆ ಕಡಿಮೆ. ಹಗಲೆಲ್ಲ ಅರಿಶಿನದ ಹೊಲದಲ್ಲಿ, ಈರುಳ್ಳಿ ಮಂಡಿಯಲ್ಲಿ ದುಡಿದವನು ರಾತ್ರಿ ತಿಂಗಳುಗಟ್ಟಲೆ ಕಂದಪದ್ಯ ಉರುಹಾಕುತ್ತಾನೆ. ನಾಟಕದ ದಿನ ಸೀನರಿ, ಲೈಟು, ಮೇಕಪ್ಪು ಎಲ್ಲ ಬಾಡಿಗೆಗೆ. ಒಂದೇ ರಾತ್ರಿ ಅವನು ಹಸ್ತಿನಾವತಿಯ ದೊರೆ. ಬೆಳಿಗ್ಗೆ ಬಣ್ಣ ತೊಳೆದುಕೊಂಡು ಹಾಲು ಡೈರಿಗೆ ಹೋಗುತ್ತಾನೆ, ಅಲ್ಲಿ ವರ್ಷವಿಡೀ ಅವನನ್ನು "ಏನ್ ದುರ್ಯೋದ್ನ" ಎಂದೇ ಮಾತಾಡಿಸುತ್ತಾರೆ. ಸಾಲ ಮಾಡಿಯಾದರೂ ಒಂದು ಸಲ ರಂಗ ಹತ್ತಬೇಕೆಂಬ ಈ ಹುಚ್ಚು ಈ ಮಣ್ಣಿನದು. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಈ ಸೀಮೆಯಿಂದಲೇ ಹೋಗಿ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಹೆಸರು ಮಾಡಿದ ನಟರು. ಮಗ ಹುಟ್ಟಿದ ಗಾಜನೂರು ಇವತ್ತು ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿದೆ. ಕೊಳ್ಳೇಗಾಲವೂ 1956ರವರೆಗೆ ಕೊಯಮತ್ತೂರು ಜಿಲ್ಲೆಯದೇ ಆಗಿತ್ತು. ಗಡಿ ಆ ಕಡೆ ಈ ಕಡೆ ಸರಿದಿದೆ, ಹಾಡು ಮಾತ್ರ ಜಾಗ ಬಿಟ್ಟು ಕದಲಿಲ್ಲ.

ಒಂದು ಕೊರಗನ್ನೂ ಹೇಳಿಬಿಡುತ್ತೇನೆ. ನಮ್ಮ ಕಲಾವಿದರನ್ನು ಈಗ ಹೆಚ್ಚಾಗಿ ಕರೆಯುವುದು ಮೆರವಣಿಗೆಗೆ. ಉತ್ಸವ, ಸಮಾವೇಶ, ಸಚಿವರ ಸ್ವಾಗತ. ಬಿಸಿಲಲ್ಲಿ ಎರಡು ಕಿಲೋಮೀಟರು ಕುಣಿತ, ವೇದಿಕೆಯ ಮೇಲೆ ಹತ್ತು ನಿಮಿಷ. ಹತ್ತು ನಿಮಿಷದಲ್ಲಿ ಕತೆ ಹೇಳಲಾಗುವುದಿಲ್ಲವಲ್ಲ, ಹಾಗಾಗಿ ಕಂಸಾಳೆಯವರು ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಗೋಪುರ ಕಟ್ಟುತ್ತಾರೆ. ಚಪ್ಪಾಳೆ ಬೀಳುತ್ತದೆ. ಅವರಿಗೆ ನಾಲ್ಕು ಕಾಸು ಸಿಗುತ್ತದೆ, ಅದು ಬೇಡವೆನ್ನಲು ನಾನ್ಯಾರು? ಆದರೆ ಮೈಯ ವಿದ್ಯೆ ಉಳಿದು ಬಾಯ ವಿದ್ಯೆ ಸೊರಗುತ್ತಿದೆ. ಇಡೀ ಸಂಕಮ್ಮನ ಸಾಲು ಬಲ್ಲವನಿಗೂ, ಕಂಸಾಳೆಯನ್ನು ಗಿರಗಿರನೆ ಬೀಸಬಲ್ಲವನಿಗೂ ಮೆರವಣಿಗೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಕಾಣುವುದು ನಡುರಾತ್ರಿಯಲ್ಲಿ, ಕೂತು ಕೇಳುವವರಿದ್ದಾಗ. ಆದ್ದರಿಂದ ಕಲೆ ಉಳಿಸಿ, ಬೆಳೆಸಿ ಎಂದು ನಾನು ಭಾಷಣ ಮಾಡುವುದಿಲ್ಲ. ನಾನು ಕೇಳುವುದು ನಿಮ್ಮ ಒಂದು ರಾತ್ರಿಯನ್ನು.

ಯಾವ ರಾತ್ರಿ ಅನ್ನುತ್ತೀರಾ? ಬನದ ಹುಣ್ಣಿಮೆ, ಅಂದರೆ ಜನವರಿಯ ಸುಮಾರಿಗೆ, ಕೊಳ್ಳೇಗಾಲ ಕಡೆಯ ಚಿಕ್ಕಲ್ಲೂರಿಗೆ ಹೋಗಿ. ಐದು ದಿನದ ಜಾತ್ರೆ. ಮೊದಲ ರಾತ್ರಿ ಬಿದಿರು, ಬಟ್ಟೆಯಲ್ಲಿ ಕಟ್ಟಿದ ಚಂದ್ರಮಂಡಲಕ್ಕೆ ಬೆಂಕಿ ಇಡುತ್ತಾರೆ. ಅದು ಯಾವ ದಿಕ್ಕಿಗೆ ಚೆನ್ನಾಗಿ ಉರಿಯಿತೋ ಆ ದಿಕ್ಕಿಗೆ ಮಳೆಬೆಳೆ ಎಂದು ರೈತರು ಲೆಕ್ಕ ಹಾಕುತ್ತಾರೆ. ಬಯಲಿನಲ್ಲಿ ಬಿಡಾರ ಹೂಡಿದ ಒಕ್ಕಲುಗಳ ನಡುವೆ ಒಂದೊಂದು ಮರದಡಿ ಒಂದೊಂದು ತಂಬೂರಿ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಮಾದಪ್ಪನ ಬೆಟ್ಟ ಹತ್ತಿ. ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಬನ್ನಿ. ಆಷಾಢವೆಂದು ದೂರವಿಟ್ಟ ಹೊಸ ಮದುಮಕ್ಕಳು ಆ ದಿನ ಜೋಡಿಯಾಗಿ ಬಂದು ಹಣ್ಣು ಜವನ ಎಸೆಯುವ ಸೊಗಸೇ ಬೇರೆ. ಇದ್ಯಾವುದೂ ಆಗದಿದ್ದರೆ ನಮ್ಮ ಯಾವುದಾದರೂ ಊರಿನ ಟೀ ಅಂಗಡಿಯಲ್ಲಿ ನಿಂತು, "ಈ ವಾರ ಎಲ್ಲಾದ್ರೂ ಕತೆ ಅದಾ?" ಎಂದು ಕೇಳಿ. ಟಿಕೆಟ್ಟಿಲ್ಲ, ಪಾಸಿಲ್ಲ. ಒಂದು ಶಾಲು ತನ್ನಿ. ಕಾಣಿಕೆ ಕೊಟ್ಟರೆ ನಿಮ್ಮ ಹೆಸರನ್ನು ಮೈಕಿನಲ್ಲಿ ಹೇಳುತ್ತಾರೆ, ಸಂಕೋಚಪಡಬೇಡಿ. ಬಡಿಸಿದ್ದನ್ನು ಉಣ್ಣಿ. ನಡುವೆ ಏಳಬೇಡಿ.

ಆ ರಾತ್ರಿ ನಾಲ್ಕರ ಹೊತ್ತಿಗೆ ಗೇಟಿನಲ್ಲಿ ನಿಂತಿದ್ದ ಲಾರಿಯ ಮಲಯಾಳಿ ಡ್ರೈವರೊಬ್ಬ ಬಂದು ಚಪ್ಪರದ ಕಂಬಕ್ಕೆ ಒರಗಿ ನಿಂತ. ಅವನಿಗೆ ಮಾತು ಎಷ್ಟು ತಿಳಿಯಿತೋ, ಬೆರಳು ಮಾತ್ರ ಕಂಬದ ಮೇಲೆ ದಮ್ಮಡಿಯ ತಾಳವನ್ನೇ ಹಿಡಿದಿತ್ತು. ನನ್ನ ಅಳಿಯ ಜಮಖಾನ ಬಿಟ್ಟು ಹಿಮ್ಮೇಳದವರ ಪಕ್ಕಕ್ಕೆ ಹೋಗಿ ಕೂತಿದ್ದ. ಸೊಲ್ಲು ಹೇಳುತ್ತಿದ್ದ. ಅರ್ಧ ಪದ ತಪ್ಪು, ತಾಳ ಸರಿ. ಮಂಗಳ ಹಾಡಿದ ಮೇಲೆ ಹಾಡುಗಾರ ತಂಬೂರಿಗೆ ಗವುಸು ಹಾಕುತ್ತ ಅವನ ಕಡೆ ತಿರುಗಿ, "ನಿಮ್ಮ ಹಾಡಿಗೂ ಸೊಲ್ಲೆತ್ತೋರು ಅವ್ರಾ ಅಪ್ಪಾ?" ಎಂದು ಕೇಳಿದ. ವ್ಯಂಗ್ಯವಿರಲಿಲ್ಲ, ಒಬ್ಬ ಹಾಡುಗಾರ ಇನ್ನೊಬ್ಬ ಹಾಡುಗಾರನ ಯೋಗಕ್ಷೇಮ ವಿಚಾರಿಸಿದಂತಿತ್ತು. ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡ್ದೋರು ಎಷ್ಟು ಜನ ಅಂತ ಗೊತ್ತಾಗ್ತದೆ ಯಜಮಾನ್ರೇ. ಸೊಲ್ಲು ಕೇಳ್ಸಲ್ಲ" ಅಂದ.

ಆ ಮಾತು ಈ ಹೊತ್ತು ನನಗೂ ಸಲ್ಲುತ್ತದೆ. ಆಕಾಶವಾಣಿಯ ಈ ಕೋಣೆಯಲ್ಲಿ ನಾಲ್ಕು ಗೋಡೆ, ಒಂದು ಗಾಜಿನ ಕಿಟಕಿ, ಒಂದು ಮೈಕು. ಆಡಿದ ಮಾತು ಹೊರಗೆ ಹೋಗುತ್ತದೆ, ಏನೂ ಮರಳಿ ಬರುವುದಿಲ್ಲ. ಎಲ್ಲೋ ದನದ ಕೊಟ್ಟಿಗೆಯಲ್ಲೋ ಅಡಿಗೆಮನೆಯಲ್ಲೋ ಕೂತು ನೀವು ಒಂದೆರಡು ಸಲ ಹೂಂಗುಟ್ಟಿರುತ್ತೀರಿ ಎಂದು ನಂಬಿ ಇಷ್ಟು ಹೊತ್ತು ಮಾತಾಡಿದ್ದೇನೆ. ಮುಂದಿನ ಸಲ ಹೂಂಗುಟ್ಟುವಾಗ, ಕೇಳಿಸುವಷ್ಟು ಹತ್ತಿರ ಬಂದು ಕೂತಿರಿ.